ಏನು ಬಿಡಬೇಕು ಎಂದು ಬಲ್ಲ ಮೇಷ್ಟ್ರು

ಮಳವಳ್ಳಿಯಲ್ಲಿ ಕೆಮಿಸ್ಟ್ರಿ ಎಂದರೆ ಅನಂತರಾಮು ಮೇಷ್ಟ್ರು. ಹೀಗೆಂದು ಮೊದಲು ಹೇಳಿದವರು ಅವರೇ. ಆಮೇಲೆ ಊರೂ ಒಪ್ಪಿಕೊಂಡಿತು. ಖಾಸಗಿ ಪಿಯು ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೂ ಮನೆಯ ಜಗಲಿಯಲ್ಲಿ ಅವರ ಟ್ಯೂಷನ್ ನಡೆಯುತ್ತಿದೆ. ಅವರ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ಆಸಿಡ್ ಬಿದ್ದ ಸಣ್ಣ ಸಣ್ಣ ತೂತುಗಳು. ಹೆಂಡತಿ ಚೂಡಾಮಣಿ ಹೊಲಿಯಲು ಹೋದರೆ, "ಇರಲಿ ಬಿಡೆ, ಅದು ಸರ್ವಿಸು" ಎನ್ನುತ್ತಾರೆ.

ಅವರಿಗೆ ಹೆಸರು ಬಂದದ್ದು ಪಾಠದಿಂದಲ್ಲ, ಗೆಸ್ಸಿನಿಂದ. ಪರೀಕ್ಷೆಗೆ ಯಾವ ಪಾಠದಿಂದ ಪ್ರಶ್ನೆ ಬರುತ್ತದೆ, ಯಾವುದನ್ನು ಚಾಯ್ಸ್‌ಗೆ ಬಿಟ್ಟು ನೆಮ್ಮದಿಯಾಗಿ ಮಲಗಬಹುದು ಎಂದು ಅವರು ಹೇಳಿದರೆ ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು.

"ಏನು ಓದಬೇಕು ಅಂತ ಯಾರು ಬೇಕಾದ್ರೂ ಹೇಳ್ತಾರ್ರೀ. ಏನು ಬಿಡಬೇಕು ಅಂತ ಹೇಳೋನು ಮೇಷ್ಟ್ರು!" ಎನ್ನುವುದು ಅವರದೇ ಮಾತು.

ಏನು ಬಿಡಬೇಕೆಂದು ಕೇಳಿಕೊಂಡು ಹೋಗಲು ಮದ್ದೂರಿನಿಂದಲೂ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು.

ಹೋದ ವರ್ಷ ಅವರ ಹಳೆಯ ವಿದ್ಯಾರ್ಥಿನಿ, ಬೆಳಕವಾಡಿಯ ವೀಣಳಿಗೆ ಒಂದು ದೊಡ್ಡ ಪ್ರಶಸ್ತಿ ಬಂತು. ಕೈಗಾರಿಕೆಗಳಲ್ಲಿ ಬಳಸುವ ವೇಗವರ್ಧಕಗಳಲ್ಲಿ ಹೊಸತನ್ನು ಕಂಡುಹಿಡಿದವರಿಗೆ ಕೊಡುವ ವಿಜ್ಞಾನ ಪ್ರಶಸ್ತಿ ಅದು. ಕಬ್ಬಿನಿಂದ ಬರುವ ಮದ್ಯಸಾರವನ್ನು ಪ್ಲಾಸ್ಟಿಕ್ಕಿನ ಕಚ್ಚಾವಸ್ತುವಾಗಿ ಬದಲಾಯಿಸುವ ಕೆಲಸ ಕಡಿಮೆ ಶಾಖದಲ್ಲೇ ಮುಗಿಯುವಂತೆ ಮಾಡುವ ಪುಡಿಯೊಂದನ್ನು ವೀಣ ಪುಣೆಯ ಪ್ರಯೋಗಾಲಯದಲ್ಲಿ ತಯಾರಿಸಿದ್ದಳು. ಪತ್ರಿಕೆಯಲ್ಲಿ ಫೋಟೋ ಬಂದ ದಿನವೇ ಮೇಷ್ಟ್ರು ಅದನ್ನು ಹಿಡಿದು ಪೇಟೆ ಸುತ್ತಿದರು. ಸಂಜೆಯ ಹೊತ್ತಿಗೆ ಸನ್ಮಾನ ಸಮಿತಿಯಾಯಿತು. ಅಧ್ಯಕ್ಷರೂ ಅವರೇ ಆದರು.

ಉಳಿದದ್ದು ಒಂದೇ ಚಿಂತೆ. ವೇದಿಕೆಯ ಮೇಲೆ ವೀಣ ತಮ್ಮ ಹೆಸರು ಹೇಳುತ್ತಾಳೋ ಇಲ್ಲವೋ? ನೇರವಾಗಿ ಕೇಳಿದರೆ ಗುರುಸ್ಥಾನಕ್ಕೆ ಕುಂದು. ಆದ್ದರಿಂದ ಆಕೆಯ ತಂದೆ ಕೆಂಪಯ್ಯನನ್ನು ಆಹ್ವಾನಿಸುವ ನೆಪದಲ್ಲಿ ಬೆಳಕವಾಡಿಗೆ ಹೋದರು.

ಕೆಂಪಯ್ಯ ಮಗಳ ಕೆಲಸವನ್ನು ತನ್ನ ಮಟ್ಟಿಗೆ ಅರ್ಥ ಮಾಡಿಕೊಂಡಿದ್ದ. "ಗಂಡು-ಎಣ್ಣು ಕೂಡ್ಸಿ, ಊಟ ಮಾಡ್ಕಂಡು ಎದ್ದೋಗೋ ದಳ್ಳಾಳಿ ಇಲ್ವಾ ಸಾ? ಅಂಗಂತೆ ಅವ್ಳ ಪುಡಿ. ಬ್ಯಾರೆಯೋರು ಸಂಸಾರಕ್ ಬಿದ್ರೂ ಅವ್ನು ಮಾತ್ರ ಅಂಗೇ ಇರ್ತನೆ."

"ಅದಿರಲಿ. ನಮ್ಮನ್ನೆಲ್ಲ ನೆನೆಸ್ಕೋತಾಳಾ ವೀಣ?"

"ಆ ಪ್ರಶಸ್ತಿ ಮಾತೆತ್ತುದ್ರೆ ಸಾಕು, ನಿಮ್ಮೆಸ್ರೇ ತಗೀತಳೆ ಕಣ್ ಸಾ."

"ಏನಂತ?"

"ನಂಗೇನ್ ತಿಳೀತದೆ? ಎಸ್ರೇಳಿ ನಗ್ತಳೆ."

ಮೇಷ್ಟ್ರು ಮೊದಲ ಮಾತನ್ನಷ್ಟೇ ಜೊತೆಗಿಟ್ಟುಕೊಂಡು ಬಸ್ಸು ಹತ್ತಿದರು.

ಸಭೆಗೆ ಅವರ ಹಳೆಯ ವಿದ್ಯಾರ್ಥಿಗಳೇ ತುಂಬಿದ್ದರು. ವೀಣ ಮೈಕು ಹಿಡಿದು ಶುರುಮಾಡಿದ್ದೇ ಹೀಗೆ: "ನಾನು ಈ ದಾರಿಗೆ ಬಂದದ್ದು ಅನಂತರಾಮು ಸರ್ ಅವರಿಂದ."

ಮೇಷ್ಟ್ರು ಶಾಲು ಸರಿಮಾಡಿಕೊಂಡರು.

"ನಮ್ಮನೇಲಿ ಹೊಸ ಪುಸ್ತಕ ಕೊಳ್ಳೋ ಪದ್ಧತಿ ಇರಲಿಲ್ಲ. ಸರ್ ಹತ್ರ ಟ್ಯೂಷನ್‌ಗೆ ಹೋದವರು ಓದಿ ಬಿಟ್ಟಿದ್ದ ಪುಸ್ತಕ ನನಗೆ ಬಂತು. ಪುಟಪುಟಕ್ಕೂ ಸರ್ ಹೇಳಿ ಎಳೆಸಿದ ಗೆರೆ, ಪಕ್ಕದಲ್ಲಿ 'ಇಂಪಾರ್ಟೆಂಟ್', ಅದರ ಮೇಲೆ 'ವೆರಿ ಇಂಪಾರ್ಟೆಂಟ್'. ಅಕ್ಷರವೇ ಕಾಣ್ತಿರಲಿಲ್ಲ. ಒಂದು ಪಾಠ ಮಾತ್ರ ಗರಿಗರಿಯಾಗಿತ್ತು. ಯಾಕಂದ್ರೆ ಅದನ್ನ ಚಾಯ್ಸ್‌ಗೆ ಬಿಡಿ ಅಂತ ಸರ್ ಹೇಳಿದ್ರು. ಬೆಳಕವಾಡಿ ಬಸ್ಸಿನ ನೂಕಾಟದಲ್ಲಿ ಓದೋಕೆ ಆಗ್ತಿದ್ದದ್ದು ಅದೊಂದೇ. ಅದೇ ವೇಗವರ್ಧಕದ ಪಾಠ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದೇ ಪಾಠ ಬಿಟ್ಟು ಪಾಸಾದವರೆಲ್ಲ ಅಲ್ಲಿದ್ದರು. ವೀಣ ಮಾತ್ರ ಗಂಭೀರವಾಗಿ, "ಸರ್ ಅದಕ್ಕೂ ಗೆರೆ ಎಳೆಸಿದ್ದಿದ್ರೆ ನಾನೂ ಉರು ಹೊಡೆದು ಮರೆತುಬಿಡ್ತಿದ್ದೆ" ಎಂದು ಕೈ ಮುಗಿದಳು. ಮೇಷ್ಟ್ರು ಬರೆದು ತಂದಿದ್ದ ಅಧ್ಯಕ್ಷ ಭಾಷಣ ಜೇಬಿನಲ್ಲೇ ಉಳಿಯಿತು. ಹೀಗಾಗಿ ಆ ದಿನ ಮಳವಳ್ಳಿಯವರಿಗೆ ಉಪ್ಪಿಟ್ಟು ಬಿಸಿಯಾಗಿಯೇ ಸಿಕ್ಕಿತು.

"ಹೆಸರು ಹೇಳಿದಳಲ್ಲ" ಎಂದರು ಚೂಡಾಮಣಿ, ದಾರಿಯಲ್ಲಿ.

"ಹೇಳಿದಳು" ಎಂದರು ಮೇಷ್ಟ್ರು.

ಮರುದಿನ ಟ್ಯೂಷನ್ನಿನಲ್ಲಿ ಅದೇ ಪಾಠ ತೆಗೆದರು. ನಡುನಡುವೆ ತಾವೇ ಪುಸ್ತಕ ನೋಡಿಕೊಳ್ಳಬೇಕಾಯಿತು. ಮುಗಿದ ಮೇಲೆ ಪ್ರಿಯಾಂಕ ಎಂಬ ಹುಡುಗಿ ಕೇಳಿದಳು, "ಸಾರ್, ಇದು ಇಂಪಾರ್ಟೆಂಟಾ?"

"ಇದನ್ನ ಬಿಡೋ ಹಾಗೇ ಇಲ್ಲ."

"ಮತ್ತೆ ಯಾವುದು ಬಿಡೋದು ಸಾರ್?"

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. ಹಳೆಯ ಕಳೆ ಮುಖಕ್ಕೆ ಮರಳಿತು. "ಪಾಲಿಮರ್ ಬಿಡಿ!"

ಒಳಗಿನಿಂದ ಚೂಡಾಮಣಿಯ ದನಿ ಕೇಳಿಸಿತು: "ಹಾಗಾದ್ರೆ ಮುಂದಿನ ಪ್ರಶಸ್ತಿ ಅದಕ್ಕೇ. ಶಾಲು ಒಗೆಸಿ ಇಟ್ಟಿರ್ತೀನಿ."