ಒಂದು ಗೇಣು

ಅಕ್ಕಿ ಡಬ್ಬಿಯ ಹಿಂದೆ ಸೀಮೆಸುಣ್ಣದ ತುಂಡೊಂದು ಸಿಕ್ಕಿತು. ಕರಾಟೆ ಮಾಸ್ತರರದು.

ತೆಲುಗು ಸೀಮೆಯ ಮಾದಾಪುರದಲ್ಲಿ ಸಾಲುಸಾಲಾಗಿ ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳವು. ನಾನು ಅಲ್ಲೊಂದು ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುತ್ತಿದ್ದೆ. ಅದರ ಮಾಳಿಗೆಯ ಮೇಲೆ ಮಾಸ್ತರರು ಬೆಳಿಗ್ಗೆ ಕ್ಲಾಸು ನಡೆಸುತ್ತಿದ್ದರು. ಬೀದರ ಕಡೆಯವರು. ಎಲ್ಲರ ಜೊತೆ ತೆಲುಗು, ಹಿಂದಿ. ನನ್ನ ಜೊತೆ ಕನ್ನಡ. ನನ್ನ ಮೊಮ್ಮಗಳನ್ನೂ ಸೇರಿಸಿಕೊಂಡಿದ್ದರು.

ಅವರು ಕಲಿಸುತ್ತಿದ್ದದ್ದು ಹೆಚ್ಚಾಗಿ ಕಾತಾ. ಎದುರಿಗೆ ಯಾರೂ ಇರುವುದಿಲ್ಲ. ಗಾಳಿಗೆ ಗುದ್ದಬೇಕು, ಒದೆಯಬೇಕು, ನಾಲ್ಕೂ ದಿಕ್ಕಿಗೆ ತಿರುಗಿ ಕೊನೆಗೆ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ನಡುವೆ ಕೆಳಗೆ ನೋಡುವಂತಿಲ್ಲ. ಹೊರಡುವ ಜಾಗಕ್ಕೆ ಸೀಮೆಸುಣ್ಣದ ಗುರುತು. ಅದನ್ನು ಅಳಿಸಬಾರದೆಂದು ನನಗೆ ತಾಕೀತು. ತಿಂಗಳುಗಟ್ಟಲೆ ಅದೇ ಕಾತಾ. ಹೊಡೆದಾಟ ಯಾವಾಗ ಕಲಿಸುತ್ತೀರಿ ಎಂದು ಕೇಳಿ ಕೇಳಿ, ಕಂಪ್ಯೂಟರ್ ಕೆಲಸದವರು ಅರ್ಧ ಮಕ್ಕಳನ್ನು ಬಿಡಿಸಿದರು. ನನಗೂ ಅದು ಹುಚ್ಚಾಟವೆಂದೇ ಕಂಡಿತ್ತು.

ಒಂದು ಪರೀಕ್ಷೆಯಲ್ಲಿ ಮೊಮ್ಮಗಳ ಕಾಲು ಗುರುತಿನಿಂದ ಒಂದು ಗೇಣು ಆಚೆ ಬಿತ್ತು. ಬೆಲ್ಟ್ ಕೊಡಲಿಲ್ಲ. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಳು. ನಾನು ಪೊರಕೆ ಹಿಡಿದೇ ಜಗಳಕ್ಕೆ ಹೋದೆ.

"ಒಂದ್ ಗೇಣಿಗೆ ಏನ್ ಮುಳುಗಿ ಹೋತ್ರಿ ಮಾಸ್ತರ್ರ?"

"ಕಡೀಗೆ ಒಂದ್ ಗೇಣು ತಪ್ಯಾದಂದ್ರ, ನಡುವ ಎಲ್ಲೋ ಒಂದ್ ಹೆಜ್ಜಿ ಸುಳ್ಳ ಇಟ್ಟಾಳ ಅಂತ ಅವ್ವಾ."

ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಮೊದಲು ಮಾಸ್ತರರೇ ಮಾಡಿ ತೋರಿಸುವುದು ರೂಢಿ. ಅಷ್ಟರಲ್ಲಿ ಅವರ ಮೊಣಕಾಲು... ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದರು. ಕಾತಾ ಮುಗಿಸಿ ನಿಂತರು. ತಾಯಿತಂದೆಯರು ಚಪ್ಪಾಳೆ ತಟ್ಟಿದರು. ಮಾಸ್ತರರು ಕೆಳಗೆ ನೋಡದೆ, ಪಕ್ಕದಲ್ಲಿದ್ದ ನನ್ನನ್ನು ಕನ್ನಡದಲ್ಲಿ ಕೇಳಿದರು.

"ಎಷ್ಟ್ ತಪ್ಯಾದ ಅವ್ವಾ?"

"ಒಂದ್ ಗೇಣು."

ತಲೆಯಾಡಿಸಿದರು. ಅಲ್ಲಿದ್ದ ಯಾರಿಗೂ ಆ ಮಾತು ತಿಳಿಯಲಿಲ್ಲ. ಮೊಮ್ಮಗಳು ದೂರದ ಸಾಲಿನಲ್ಲಿದ್ದಳು. ಆ ದಿನ ಅವಳ ಕಾಲು ಗುರುತಿನ ಮೇಲೇ ಬಿತ್ತು. ಬೆಲ್ಟನ್ನು ಅವರೇ ಕಟ್ಟಿದರು. ಮರುವಾರದಿಂದ ಮಾಸ್ತರರು ಬರಲಿಲ್ಲ. ಸೀಮೆಸುಣ್ಣ ನೀರಿನ ಟಾಕಿಯ ಕಟ್ಟೆಯ ಮೇಲೆ ಉಳಿದಿತ್ತು.

ಏಕೆ ಬಿಟ್ಟರೆಂದು ಜನ ಏನೇನೋ ಆಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಸರಿಯಾಗಿದೆ ಅಂದಿದ್ದರೆ ಇನ್ನೊಂದು ವರ್ಷ ಬರುತ್ತಿದ್ದರೇನೋ... ಆದರೆ ಕೇಳುವಾಗಲೇ ಅವರಿಗೆ ಗೊತ್ತಿತ್ತು.

ಮೊನ್ನೆ ಅವರು ತೀರಿಕೊಂಡರಂತೆ. ಸುದ್ದಿ ತಂದವಳು ಮೊಮ್ಮಗಳೇ. ಈ ತುಂಡನ್ನು ಇವತ್ತು ಅವಳಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಅವರ ಕಾಲು ಒಮ್ಮಿನೂ ಗುರ್ತು ತಪ್ಪಿಲ್ಲ ನೋಡ್ ಆಯಿ."

ಹೂಂ ಅಂದೆ.