ಕೊಯ್ದ ಹಾಸು

ಕೊಳ್ಳೇಗಾಲದ ನೇಕಾರರ ಬೀದಿ ಎಷ್ಟುದ್ದ ಎಂದು ಕೇಳಿದರೆ ಅಲ್ಲಿಯವರು ಗಜದ ಲೆಕ್ಕ ಹೇಳುತ್ತಿರಲಿಲ್ಲ. 'ಒಂದು ಹಾಸು ಎಳೆಯುವಷ್ಟು' ಎನ್ನುತ್ತಿದ್ದರು. ಸೀರೆಯ ಉದ್ದದ ಎಳೆಗಳೇ ಹಾಸು. ಬೆಳಿಗ್ಗೆ ಅದನ್ನು ಬೀದಿಯುದ್ದಕ್ಕೂ ಬಿಗಿದರೆ ಮನೆಮನೆಯಿಂದ ಜನ ಬಂದು ಹಿಡಿಯಬೇಕಿತ್ತು. ಆ ಬೀದಿಗೆ ಸೊಸೆಯಾಗಿ ಬಂದವಳು ಅನಸೂಯಮ್ಮ, ದೇವಣ್ಣನ ಹೆಂಡತಿ.

ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕಾಲ. ಆ ವರ್ಷ ಪ್ಲೇಗು ಬಂತು. ಸೂರಿನಿಂದ ಇಲಿ ಬಿದ್ದು ಸತ್ತದ್ದೇ ತಡ, ಡಂಗೂರ ಸಾರಿ ಊರು ಬಿಡಿಸಿದರು. ಮರಡಿಗುಡ್ಡದ ಕೆಳಗೆ ಗಿಜಿಗುಡುತ್ತಿದ್ದ ಊರು ಕೆರೆಯಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತಿತು. ದನ ಬಂದವು, ಪಾತ್ರೆ ಪಡಗ ಬಂದವು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ ಮಾತ್ರ ಎಲ್ಲಿಗೂ ಬರುವ ಹಾಗಿರಲಿಲ್ಲ.

ಪೂಜೆ ಮಾಡಿ ಮಗ್ಗಕ್ಕೇರಿಸಿದ ಹಾಸನ್ನು ನೇಯ್ದು ಮುಗಿಸುವ ಮುನ್ನ ಕೊಯ್ಯಬಾರದು, ಕೊಯ್ದರೆ ಆ ಮನೆಯ ಕುಡಿಯೇ ಕಡಿದುಹೋಗುತ್ತದೆ ಎಂಬುದು ಬೀದಿಯ ನಂಬಿಕೆ. ದೇವಣ್ಣನ ಮಗ್ಗದಲ್ಲಿ, ಗಡಿಯಾಚೆ ಮೈಸೂರು ಸೀಮೆಯ ಮಾಂಬಳ್ಳಿಯ ಮದುವೆ ಹೆಣ್ಣೊಬ್ಬಳ ಸೀರೆ ಅರ್ಧಕ್ಕೆ ನಿಂತಿತ್ತು. ಹೊತ್ತು ಹುಟ್ಟುತ್ತಲೇ ಅವನು ಖಾಲಿ ಊರಿಗೆ ನೇಯಲು ಹೋಗತೊಡಗಿದ. ಎದುರು ಮನೆಯ ಮುದುಕಿ ಶಿವನಂಜಮ್ಮನೂ ತನ್ನ ಇಬ್ಬರು ಗಂಡುಮಕ್ಕಳನ್ನು ಹಾಗೆಯೇ ಕಳಿಸುತ್ತಿದ್ದಳು. ಪ್ಲೇಗಿಗೆ ಈ ಶಾಸ್ತ್ರವೆಲ್ಲ ಗೊತ್ತೇ?

ಅನಸೂಯಮ್ಮ ಕೊಡ ಹಿಡಿದು ಕೆರೆ ಏರಿಯ ಮೇಲೆ ನಿಂತು ಆಲಿಸುತ್ತಿದ್ದಳು. ಗಂಡನ ಮಗ್ಗದ ಸದ್ದು ಅವಳಿಗೆ ಅವನ ಕೆಮ್ಮಿನಷ್ಟೇ ಗುರುತು. ಸದ್ದಿದ್ದರೆ ಅವನಿದ್ದಾನೆ. ಒಂದು ಮಧ್ಯಾಹ್ನ ಅದು ನಿಂತಿತು. ಕೊಡ ಅಲ್ಲೇ ಬಿಟ್ಟು ಓಡಿದಳು.

ದೇವಣ್ಣ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೇ ಇದ್ದ. ಅವನ ಪಾದದ ಪಕ್ಕದಲ್ಲಿ ಸತ್ತ ಇಲಿ ಬಿದ್ದಿತ್ತು.

"ಏಳಿ, ಓಗಮ."

"ಸೆರಗೊಂದೇ ಕಣೆ ಉಳಿದಿರೋದು. ಮುಗಿಸ್ಬುಟ್ಟು ಬತ್ತೀನಿ."

ಅವಳು ಗೋಡೆಯ ಗೂಡಿನಲ್ಲಿದ್ದ ಚೂರಿ ತೆಗೆದು ಹಾಸನ್ನು ಅಡ್ಡಕ್ಕೆ ಕೊಯ್ದಳು. ದೇವಣ್ಣ ಹೆತ್ತವಳು ಸತ್ತಂತೆ ಅತ್ತ. ಆದರೆ ಎದ್ದ. ಕೂತು ಮಾಡುವುದಕ್ಕೆ ಅಲ್ಲೇನೂ ಉಳಿದಿರಲಿಲ್ಲ.

"ಮನೆಮುರುಕಿ! ಇನ್ನು ನಿನ್ ಕೈ ನಮ್ ಬೀದೀಲಿ ಯಾವ ಆಸ್ನೂ ಮುಟ್ಬಾರ್ದು" ಎಂದು, ಸುದ್ದಿ ಕೇಳಿದ ಶಿವನಂಜಮ್ಮ ಅವರ ಗುಡಿಸಲ ಮುಂದೆ ಬಂದು ಮಣ್ಣು ತೂರಿದಳು. ಬೀದಿಯೆಲ್ಲ ಅದಕ್ಕೆ ಹೂಂಗುಟ್ಟಿತು. ದೇವಣ್ಣ ಬದುಕಿ ಉಳಿದ. ಶಿವನಂಜಮ್ಮನ ಮಕ್ಕಳು ತಮ್ಮ ಸೀರೆ ಮುಗಿಸಿ, ಮಡಿಸಿ ತಂದು ತಾಯಿಯ ಕೈಗಿಟ್ಟರು. ಆಮೇಲೆ ಜ್ವರ ಬಂದು ಒಬ್ಬನ ಹಿಂದೆ ಒಬ್ಬ ಹೋದರು.

ಬೇನೆ ಇಳಿದ ಮೇಲೆ ಊರು ಮರಳಿ ಬಂದು ಹಾಲುಕ್ಕಿಸಿತು. ಎಷ್ಟೋ ಬಾಗಿಲುಗಳ ಬೀಗ ತೆಗೆಯುವವರೇ ಇರಲಿಲ್ಲ. ಮೊದಲ ಹಾಸು ಎಳೆದ ದಿನ ನೋಡಿದರೆ ಬೀದಿ ಅಷ್ಟೇ ಉದ್ದವಿತ್ತು, ಹಿಡಿಯುವ ಕೈ ಸಾಲಲಿಲ್ಲ. ಶಿವನಂಜಮ್ಮನ ಬಾಗಿಲ ಮುಂದೆ, ಅವಳ ಮಕ್ಕಳು ನಿಲ್ಲುತ್ತಿದ್ದಲ್ಲಿ, ಹಾಸು ಜೋತು ನೆಲ ಮುಟ್ಟುತ್ತಿತ್ತು. ಅನಸೂಯಮ್ಮ ಹೊಸ್ತಿಲ ಒಳಗೇ ನಿಂತು ನೋಡಿದಳು.

ಮುದುಕಿ ಬೀದಿ ದಾಟಿ ಬಂದಳು.

"ಬಾ, ಇಡ್ಕೊ."

"ನಾನು ಕೊಯ್ದೋಳು ಕಣಮ್ಮ."

"ಅದ್ಕೇ ಕಣವ್ವ ಕರೀತಿರೋದು. ನಮ್ಮನೇಲಿ ಕೊಯ್ಯೋ ಕೈ ಇರ್ನಿಲ್ಲ."

ಅನಸೂಯಮ್ಮ ಬೀದಿಗಿಳಿದು, ಆ ಮಕ್ಕಳ ಜಾಗದಲ್ಲಿ ನಿಂತು, ಹಾಸನ್ನು ಎತ್ತಿ ಹಿಡಿದಳು.