ತಮ್ಮನಿಗೆ ಕೊಟ್ಟ ಮಾತ್ರೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಪೆನ್ನು ಸರಿಯಿಲ್ಲ, ಕಣ್ಣು ಸರಿಯಿಲ್ಲ ಎಂದು ನೆಪ ಹೇಳಿ ಎದ್ದಿದ್ದೇನೆ. ಪೆನ್ನೂ ಕಣ್ಣೂ ಸರಿಯಾಗಿಯೇ ಇದ್ದವು.

ತಲಘಟ್ಟಪುರದಲ್ಲಿ ನಮ್ಮದು ಮೊದಲು ಹೂವಿನ ತೋಟ. ಈಗ ಆ ಜಾಗದಲ್ಲಿ ಬಾಡಿಗೆ ಮನೆಗಳಿವೆ. ಉಳಿದ ಒಂದು ತುಂಡು ನೆಲದಲ್ಲಿ ತಮ್ಮ ಕಾಕಡ ಬೆಳೆದು ಬನಶಂಕರಿಯ ಹೂವಿನವರಿಗೆ ಕೊಟ್ಟು ಬರುತ್ತಿದ್ದ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಮಾತ್ರೆಯ ಹೆಸರು ಓದಬಲ್ಲೆ ಎಂಬ ಕಾರಣಕ್ಕೆ ಯಾರಿಗೆ ಜ್ವರ ಬಂದರೂ ಮೊದಲು ನನ್ನ ಹತ್ತಿರ ಬರುತ್ತಿದ್ದರು. ದೊಡ್ಡವನ ಕೈಗುಣ ಒಳ್ಳೆಯದು ಎನ್ನುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಇನ್ನೊಂದು ಪದ್ಧತಿಯೂ ನಮ್ಮಲ್ಲಿತ್ತು. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ನನಗೆ ಏನು ಹೇಳಬೇಕಿದ್ದರೂ ಬಾಗಿಲ ಮರೆಯಲ್ಲಿ ನಿಂತು ಗಂಡನಿಗೆ ಹೇಳುವಳು. ನಾನು ಗೋಡೆಯ ಕಡೆ ನೋಡಿಕೊಂಡು ಉತ್ತರ ಕೊಡುವೆ.

ಕೊರೊನಾ ಹೋಯಿತೆಂದು ಜನ ಮಾಸ್ಕ್ ಬಿಸಾಕಿದ ಮೇಲೆ ಬಂದ ಒಂದು ಮಳೆಗಾಲ. ತಮ್ಮನಿಗೆ ಫ್ಲೂ ಜ್ವರ ಹಿಡಿಯಿತು. ನನಗೆ ಮೊದಲಿಂದ ಉಬ್ಬಸ. ಅದು ಕೆರಳಿದಾಗ ನುಂಗಲೆಂದು ಡಾಕ್ಟರು ಕೊಟ್ಟಿದ್ದ ಸ್ಟೀರಾಯ್ಡ್ ಮಾತ್ರೆ ನನ್ನ ಡಬ್ಬಿಯಲ್ಲಿತ್ತು. ನನಗೆ ಆಗಿದ್ದು ಅವನಿಗೂ ಆಗುತ್ತದೆ ಎಂದು ಬೆಳಿಗ್ಗೆ ಸಂಜೆ ಕೊಟ್ಟೆ. ಅವಳು ಕಷಾಯದ ಜೊತೆಗೆ ನೀರಿನ ಚೊಂಬನ್ನೂ ತಂದಿಟ್ಟಳು. ಜ್ವರ ಇಳಿಯಿತು. ತಮ್ಮ ಎದ್ದು ಕೂತು, “ಅಣ್ಣನ್ ಕೈಗುಣ ಹಿಂಗೇ ಇದ್ರೆ ಆಸ್ಪತ್ರೆಯವ್ರೆಲ್ಲ ಬಂದು ನಮ್ ಜೊತೆ ಹೂವ ಬಿಡಿಸ್ಬೇಕು” ಎಂದು ನಕ್ಕ. ನಕ್ಕಿದ್ದಕ್ಕೇ ಕೆಮ್ಮು ಹತ್ತಿತು.

ಮರೆಯಿಂದ ಅವಳ ದನಿ ಬಂತು. “ನಿಮ್ಮಣ್ಣಂಗೆ ಹೇಳ್ರಿ, ಜ್ವರ ಬಿಟ್ರೂ ಉಸ್ರು ಸರಿಯಿಲ್ಲ. ಆಸ್ಪತ್ರೆಗೆ ತೋರ್ಸಣ.”

“ಸುಸ್ತು ಅಷ್ಟೇ, ಗಾಬರಿ ಬೀಳೋದ್ ಬೇಡ ಅಂತ ಹೇಳು,” ಎಂದೆ ಗೋಡೆಗೆ. ಮತ್ತೆರಡು ದಿನ ಅದೇ ಮಾತ್ರೆ ಕೊಟ್ಟೆ.

ಜಯನಗರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನ ತುಟಿ ನೇರಳೆಯಾಗಿತ್ತು. ವೆಂಟಿಲೇಟರ್ ಹಾಕಿದರು. ಅದೂ ಸಾಲದೆ ಇನ್ನೊಂದು ಯಂತ್ರ ತಂದರು. ಮೈಯಿಂದ ಕಪ್ಪು ರಕ್ತ ಒಂದು ಕೊಳವೆಯಲ್ಲಿ ಹೊರಗೆ ಬರುವುದು, ಯಂತ್ರದಲ್ಲಿ ಗಾಳಿ ಕುಡಿದು ಕೆಂಪಾಗಿ ಇನ್ನೊಂದರಲ್ಲಿ ಒಳಗೆ ಹೋಗುವುದು. ಅವನ ಉಸಿರು ಅವನ ಎದೆಯಲ್ಲಿರಲಿಲ್ಲ, ಮಂಚದ ಪಕ್ಕದಲ್ಲಿತ್ತು. ಡಾಕ್ಟರಮ್ಮ ನಮಗೆ ತಿಳಿಯುವಂತೆ ಹೇಳಿದರು. ವೈರಸ್ಸಿನ ಮೇಲೆ ಯುದ್ಧಕ್ಕೆ ಹೋದ ಮೈ ತನ್ನ ಶ್ವಾಸಕೋಶವನ್ನೇ ಸುಟ್ಟುಕೊಳ್ಳುತ್ತಿದೆಯಂತೆ, ಅದಕ್ಕೆ ಉರಿಯೂತ ಎನ್ನುತ್ತಾರಂತೆ. ಯಂತ್ರ ಅದನ್ನು ವಾಸಿ ಮಾಡುವುದಿಲ್ಲ. ಉರಿ ಇಳಿಯುವ ತನಕ ಕಾಯಲು ಅವಕಾಶ ಕೊಡುತ್ತದೆ, ಅಷ್ಟೇ.

ಆಮೇಲೆ ಕೇಳಿದರು. “ಇಲ್ಲಿಗೆ ಬರೋ ಮುಂಚೆ ಮನೇಲಿ ಏನ್ ಮಾತ್ರೆ ಕೊಟ್ರಿ? ಸ್ಟೀರಾಯ್ಡ್ ಏನಾದ್ರೂ? ಬೈಯಲ್ಲ, ಗೊತ್ತಾದ್ರೆ ಟ್ರೀಟ್‌ಮೆಂಟ್‌ಗೆ ಸಹಾಯ.”

ಡಬ್ಬಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

“ಇಲ್ಲ ಮೇಡಂ,” ಎಂದೆ. “ಅವನ ಹೆಂಡ್ತಿ ಏನೋ ಕಷಾಯ ಕಾಯಿಸಿ ಕೊಟ್ಟವ್ಳೆ.”

ಅವಳು ನನ್ನ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದಳು. ಡಾಕ್ಟರಮ್ಮ ಬಗ್ಗಿ ನೋಡಿ, “ಹೌದೇನಮ್ಮ? ಬರೀ ಕಷಾಯನಾ?” ಎಂದರು. ಅವಳ ಮಾತನ್ನು ನನಗೆ ದಾಟಿಸುತ್ತಿದ್ದವನು ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಹೊರಗಿನವರ ಮುಂದೆ ಭಾವನನ್ನು ಸುಳ್ಳುಗಾರ ಎನ್ನುವುದು ಹೇಗೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ. ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು. ಅಲ್ಲವೆನ್ನಲಿ, ಮಾತ್ರೆ ಇವರೇ ಕೊಟ್ಟಿದ್ದು ಎನ್ನಲಿ ಎಂದು ಒಳಗೊಳಗೇ ಹಂಬಲಿಸಿದೆ. ನಾನೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕೆಲವು ದಿನಗಳಾದ ಮೇಲೆ ಶ್ವಾಸಕೋಶದಲ್ಲಿ ಫಂಗಸ್ ಬೆಳೆದಿದೆ ಎಂದರು. ಮೊದಲೇ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಹೀಗಾಗುವುದುಂಟು ಎಂದು ಮತ್ತೆ ಕೇಳಿದರು. ಮತ್ತೆ ಇಲ್ಲವೆಂದೆ. ಒಂದು ಸಲ ಹೇಳಿದ ಸುಳ್ಳನ್ನು ಬದಲಾಯಿಸಿದರೆ ಮೊದಲನೆಯದಕ್ಕೂ ಉತ್ತರ ಕೊಡಬೇಕಲ್ಲ. ತಮ್ಮ ಆ ಯಂತ್ರ ಬಿಟ್ಟು ಏಳಲೇ ಇಲ್ಲ.

ಹೇಳಿದ್ದರೆ ಬದುಕುತ್ತಿದ್ದನೇ? ಉಬ್ಬಸಕ್ಕೆ ತೋರಿಸಲು ಹೋದಾಗ ನನ್ನ ಡಾಕ್ಟರನ್ನು, ಯಾರದೋ ಕಥೆ ಎನ್ನುವಂತೆ ಕೇಳಿದೆ. ಹೇಳಕ್ಕಾಗಲ್ಲ ಎಂದರು. ಹೇಳಿದ್ದರೂ ಬದುಕುತ್ತಿರಲಿಲ್ಲ ಎಂದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಮಾಡುತ್ತಿದ್ದೆ.

ತಿಥಿಗೆ ಬಂದ ಹೆಂಗಸರು ಅವಳ ಕಷಾಯವನ್ನೇ ಆಡಿಕೊಂಡರು. ಅಷ್ಟು ಮೆಣಸು ಹಾಕಿದ್ದಕ್ಕೇ ಎದೆ ಸುಟ್ಟಿತು ಎಂದರು. ಪಕ್ಕದ ಜಗಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಅವಳು ಅವರಿಗೆಲ್ಲ ಊಟ ಬಡಿಸಿದಳು. ಅಂದಿನಿಂದ ಮನೆಯಲ್ಲಿ ಯಾರಿಗೂ ಕಷಾಯ ಕಾಯಿಸಿಲ್ಲ.

ತಮ್ಮನ ಫೋಟೋದ ಮುಂದೆ ನಿಂತು ದಿನವೂ ತಪ್ಪಾಯಿತು ಎನ್ನುತ್ತೇನೆ. ಅದು ಸುಲಭ, ಫೋಟೋ ತಿರುಗಿ ನೋಡುವುದಿಲ್ಲ. ಈಗಲೂ ಉಬ್ಬಸ ಕೆರಳುತ್ತದೆ. ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಸಾಕು, ಹೊಸ್ತಿಲ ಆಚೆಯಿಂದ ಒಂದು ಕೈ ನೀರಿನ ಚೊಂಬು ಇಟ್ಟು ಹಿಂದೆ ಸರಿಯುತ್ತದೆ. ಆ ಕಡೆ ಮುಖವೆತ್ತಿ ಒಂದು ಮಾತಾಡಲು ಈವರೆಗೂ ನನ್ನಿಂದಾಗಿಲ್ಲ. ನಾನು ಕ್ಷಮೆ ಕೇಳದೇ ಉಳಿದಿರುವುದು ಅವಳನ್ನು, ನನ್ನ ತಮ್ಮನ ಹೆಂಡತಿಯನ್ನು.